ಕಲ್ಲು ತಿಂದ ಕರಿಬೇವು

ದರ್ಜಿ ಹರಿದ ಅಂಗಿ ತೊಟ್ಟರೂ ಜನ ಸುಮ್ಮನಿರುತ್ತಾರೆ. ಗೊಬ್ಬರದವನ ಮನೆಯಲ್ಲಿ ಗಿಡ ಬಾಡಿದರೆ ಮಾತ್ರ ಊರೆಲ್ಲ ವಿಚಾರಿಸುತ್ತದೆ. ಅಮೆರಿಕದ ಏಪೆಕ್ಸ್ ಎಂಬ ಊರಿನ ನಮ್ಮ ಕನ್ನಡಿಗರಲ್ಲಿ ಮಿಕ್ಕವರೆಲ್ಲ ಸಾಫ್ಟ್‌ವೇರಿನವರು, ನಾನೊಬ್ಬನೇ ಗೊಬ್ಬರದವನು. ನನ್ನ ಕೆಲಸವೆಂದರೆ, ಫಾಸ್ಫೇಟ್ ಕಲ್ಲಿನಿಂದ ಗೊಬ್ಬರ ತೆಗೆಯುವ ಕಾರ್ಖಾನೆಗಳಿಗೆ ಎಷ್ಟು ಕಲ್ಲಿಗೆ ಎಷ್ಟು ಆಸಿಡ್ ಬೇಕೆಂದು ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಹಾಕಿಕೊಡುವುದು. ಗೊಬ್ಬರವನ್ನು ಕೈಯಿಂದ ಮುಟ್ಟಿದವನಲ್ಲ.

ಒಮ್ಮೆ ಮ್ಯಾಪ್ ಪ್ರಿಂಟ್ ಮಾಡಿಕೊಂಡು, ಆದರೂ ದಾರಿ ತಪ್ಪಿ, ಸಮುದ್ರದ ಕಡೆಯ ಕಾರ್ಖಾನೆಯೊಂದನ್ನು ನೋಡಿಬಂದೆ. ನೆನಪಿಗೆಂದು ಅಲ್ಲಿಯವರು ಒಂದು ಹಿಡಿ ಕಲ್ಲು ಕೊಟ್ಟರು. ಅದನ್ನು ಕಂಡದ್ದೇ ತಡ, ನನ್ನ ಹೆಂಡತಿ ಶೈಲಜಾಗೆ ಕುಂಡದಲ್ಲಿ ಹಳದಿಗೆ ತಿರುಗಿದ್ದ ಕರಿಬೇವು ನೆನಪಾಯಿತು.

"ಇದನ್ನೇ ಕುಟ್ಟಿ ಹಾಕಿದ್ರೆ ಆಗಲ್ವಾ?"

"ಛೆ, ಗಿಡ ಕಲ್ಲು ತಿನ್ನಲ್ಲ ಕಣೆ. ಗಂಧಕಾಮ್ಲ ಹಾಕಿದ್ರೇನೇ ಅದ್ರಲ್ಲಿರೋ ರಂಜಕ ನೀರಿಗೆ ಬಿಡೋದು" ಎಂದು ಉಪನ್ಯಾಸ ಶುರುಮಾಡಿದೆ.

"ಆಸಿಡ್ ಅಂದ್ರೆ ಹುಳಿ ತಾನೇ? ವಿನಿಗರ್ ಇದೆ, ಮಾಡಿ ತೋರ್ಸಿ."

ಮಾನದ ಪ್ರಶ್ನೆ. ಶನಿವಾರ ಗರಾಜಿನಲ್ಲಿ ಕಲ್ಲು ಕುಟ್ಟಿ, ಬೋಗುಣಿಗೆ ಹಾಕಿ, ವಿನಿಗರ್ ಸುರಿದೆ. ಬುಸ್ಸೆಂದು ನೊರೆ ಬಂತು. ಮಗಳು ಅನನ್ಯಾ ಮೂಗು ಹಿಡಿದು, "ಅಪ್ಪಾ, ಇಟ್ ಸ್ಮೆಲ್ಸ್ ಲೈಕ್ ಪಿಕಲ್!" ಎಂದಳು. ವಿನಿಗರಿನಿಂದ ಆಗುವ ಕೆಲಸವಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ನೊರೆ ಕಂಡವನಿಗೆ ಲೆಕ್ಕ ಎಲ್ಲಿ ನೆನಪಿರುತ್ತದೆ! ಇಡೀ ಬೋಗುಣಿಯನ್ನು ಕುಂಡಕ್ಕೆ ಬಗ್ಗಿಸಿದೆ.

ವಾರದೊಳಗೆ ಕರಿಬೇವು ಬೋಳಾಯಿತು. ಶೈಲಜಾ ಬೈಯಲಿಲ್ಲ, ಕರಿಬೇವಿಲ್ಲದ ಸಾರು ಬಡಿಸಿ, ನಾನು ಉಣ್ಣುವುದನ್ನೇ ನೋಡುತ್ತಾ ಕೂತಿರುತ್ತಿದ್ದಳು. ಬೈಗುಳವೇ ವಾಸಿ ಅನ್ನಿಸಿ, ಅವಳನ್ನು ಕರೆದುಕೊಂಡು ಗೆಳೆಯನ ಹೆಂಡತಿ ಮಾಲತಿಯ ಬಳಿ ಸಸಿ ಬೇಡಲು ಹೋದೆ. ಅವರ ಗಿಡ ಕಿಟಕಿಯೆತ್ತರ ಬೆಳೆದಿತ್ತು.

"ಏನು ಹಾಕ್ತೀರಿ ಇದಕ್ಕೆ?" ಎಂದೆ.

"ಏನೂ ಇಲ್ಲ, ಬಿಸಿಲಿಗಿಟ್ಟು ಸುಮ್ನೆ ಬಿಟ್ಟಿದೀನಿ" ಎಂದ ಮಾಲತಿ, ನನ್ನ ಹೆಂಡತಿಯ ಕಡೆ ತಿರುಗಿದರು. "ಸಸಿ ಕೊಡ್ತೀನಿ ಶೈಲಜಾ, ಆದ್ರೆ ಇವರ ಕೈಗೆ ಮಾತ್ರ ಸಿಗಬಾರ್ದು."

ಆ ಸಸಿ ಈಗ ನಮ್ಮ ಬಾಗಿಲ ಪಕ್ಕ ಚಿಗುರಿದೆ. ಚಳಿ ಬಂದಾಗ ಕುಂಡವನ್ನು ಒಳಗೆ ಹೊತ್ತು ತರುವುದಷ್ಟೇ ನನ್ನ ಪಾಲಿನ ಸೇವೆ. ಮೊನ್ನೆ ನನಗೆ ಬಡ್ತಿ ಸಿಕ್ಕಿತು. ಗೊಬ್ಬರದ ಗುಣಮಟ್ಟ ನೋಡುವ ತಂಡಕ್ಕೆ ನಾನೇ ಮುಖ್ಯಸ್ಥ. ಮನೆಗೆ ಬಂದವನೇ ಬಾಗಿಲಲ್ಲೇ ಕೂಗಿ ಹೇಳಿದೆ. ಶೈಲಜಾ ಓಡಿಬಂದು, ಕೈ ಹಿಡಿದು, ನನ್ನನ್ನು ಒಳಕೋಣೆಗೆ ಎಳೆದೊಯ್ದಳು.

"ತುಂಬಾ ಸಂತೋಷ ರೀ" ಎಂದಳು ಪಿಸುಮಾತಿನಲ್ಲಿ. "ಗಿಡದ ಮುಂದೆ ಮಾತ್ರ ಹೇಳ್ಬೇಡಿ. ಇನ್ನೂ ಎಳೇದು, ಹೆದರ್ಕೊಳ್ಳತ್ತೆ."