ಕ್ಯಾಮರಾಕ್ಕೆ ಕಟ್ಟಿದ ಟವಲು

"ಇನ್ಮೇಲೆ ಈ ಮುತ್ತರಾಯಪ್ಪನ್ನ ಯಾರೂ ಏಮಾರ್ಸಕಾಗಲ್ಲ!"

ಜವಳಗಿರಿಯ ಮುತ್ತರಾಯಪ್ಪ ಈ ಭೀಷಣ ಶಪಥ ಮಾಡಿದ್ದು ಸಂಜೆ ಕಾಫಿ ಹೀರುತ್ತ. ಮಾಡಿಸಿದ್ದು, ಮೊಬೈಲಿನಲ್ಲಿ ದಿನವೂ ಗಂಟಲು ಹರಿದುಕೊಳ್ಳುವ 'ಮುಚ್ಚಿಟ್ಟ ಸತ್ಯ' ಚಾನೆಲ್ಲು. ಕಾಡಂಚಿನ ಮರವೊಂದಕ್ಕೆ ಅರಣ್ಯದವರು ಕ್ಯಾಮರಾ ಕಟ್ಟಿದ್ದರು. ಅದರ ಮುಂದೆ ಏನು ಅಲ್ಲಾಡಿದರೂ 'ಎಚ್ಚರಿಕೆ! ಆನೆ ಬಂದಿದೆ' ಎಂದು ಫೋಟೊ ಸಮೇತ ಊರಿನವರ ಫೋನಿಗೆಲ್ಲ ಸಂದೇಶ ಬರುತ್ತಿತ್ತು.

"ಆನೆ ಬರೀ ನೆಪ ಕಣಮ್ಮೀ! ನಮ್ಮನ್ನ ಹೆದರ್ಸಿ ಜಮೀನು ಬುಡ್ಸೋ ಪ್ಲಾನು. ಚಾನೆಲ್ಲೋನು ಮೇಜು ಗುದ್ದಿ ಹೇಳವ್ನೆ!"

"ಮೇಜು ಗುದ್ದಿದ್ರೆ ನಿಜ ಆಗೋಯ್ತದಾ? ನಾಳೆ ರಾಗಿ ಕುಯ್ಲು. ಕುಡ್ಲು ಮಸ್ದು ಮಡಗು, ಹೋಗಯ್ಯ" ಎಂದಳು ಹೆಂಡತಿ ನರಸಮ್ಮ.

ಮುತ್ತರಾಯಪ್ಪ ಕುಡುಗೋಲು ಮಸೆಯಲಿಲ್ಲ. ಕತ್ತಲಾಗುವ ಮುನ್ನ ಹೋಗಿ, ಫೋಟೊಗೆ ಸಿಗದಂತೆ ಮರದ ಹಿಂದಿನಿಂದ ಹೆಗಲ ಟವಲನ್ನು ಕ್ಯಾಮರಾದ ಮುಖಕ್ಕೆ ಬಿಗಿದು, ರಾಜ್ಯ ಗೆದ್ದವನಂತೆ ಮೀಸೆ ತಿರುವಿಕೊಂಡು ಬಂದು ಮಲಗಿದ.

ಬೆಳಗ್ಗೆ ಇನ್ನೂ ಮಬ್ಬುಗತ್ತಲಿರುವಾಗಲೇ ನರಸಮ್ಮ ಬಾಗಿಲಿನಿಂದ ಕೂಗಿದಳು. "ಫೋನಿಗೇನೂ ಬಂದಿಲ್ಲ, ಇವತ್ತು ಆನೆ ಕಾಟ ಇಲ್ಲ. ನಾನೂ ಭದ್ರಕ್ಕನೂ ಹೊಲಕ್ಕೆ ಹೋಗಿರ್ತೀವಿ, ಎದ್ದು ಬಾ!"

ಮುತ್ತರಾಯಪ್ಪನ ನಿದ್ದೆ ಹಾರಿಹೋಯಿತು. ಟವಲು ಕಟ್ಟಿದ ಮೇಲೆ ಸಂದೇಶ ಎಲ್ಲಿಂದ ಬರಬೇಕು? 'ಬರದಿದ್ದರೇನು, ಅದು ಸುಳ್ಳು ತಾನೇ?' ಎಂದು ತನಗೇ ಧೈರ್ಯ ಹೇಳಿಕೊಂಡ. ಆದರೂ ಮನಸ್ಸು ತಡೆಯದೆ ಹೆಂಡತಿಗೆ ಫೋನು ಮಾಡಿದ. ಅದು ಮನೆಯ ಗೂಡಿನಲ್ಲೇ ಹಾಡಿತು! ಚಪ್ಪಲಿ ಮರೆತು ಓಡಿದ.

ಹೊಲದ ದಾರಿ ಹೋಗುವುದು ಆ ಮರದ ಬುಡದಲ್ಲೇ. ಅಲ್ಲಿ ಆನೆಲದ್ದಿ, ಇನ್ನೂ ಹಬೆಯಾಡುತ್ತಿದೆ! ಆಚೆ ಬಿದಿರು ಲಟಲಟ ಮುರಿಯುವ ಸದ್ದು. "ಮುನೇಶ್ವರಾ, ನನ್ ನರಸೀನ ಉಳ್ಸಪ್ಪಾ!" ಎನ್ನುತ್ತ ಟವಲು ಕಿತ್ತ.

ಅತ್ತ ಹೊಲದಲ್ಲಿ ನೆರೆಮನೆಯ ಭದ್ರಮ್ಮನ ಫೋನು ಕಿರುಚಿತು. 'ಎಚ್ಚರಿಕೆ! ಆನೆ ಬಂದಿದೆ.' ಫೋಟೊದಲ್ಲಿ ಕೆದರಿದ ತಲೆಯ, ಬಾಯಿ ತೆರೆದ ಮುತ್ತರಾಯಪ್ಪ! ಭದ್ರಮ್ಮ ಬಿದ್ದು ಬಿದ್ದು ನಕ್ಕಳು. ನರಸಮ್ಮ ನಗಲಿಲ್ಲ.

"ಬಿಸ್ಲು ಬೀಳೋಗಂಟ ಚಾಪೆ ಬುಡದ ಮನ್ಸ ಇಷ್ಟೊತ್ಗೇ ಕಾಡಂಚಲ್ಲವ್ನೆ ಅಂದ್ರೆ ಏನೋ ಐತೆ, ಏಳಕ್ಕ!" ಎಂದು ಭದ್ರಮ್ಮನನ್ನು ಹೊಲದಂಚಿನ ಬಂಡೆಯ ಮೇಲಕ್ಕೆ ದರದರ ಎಳೆದೊಯ್ದಳು. ಇವರು ಹತ್ತುವುದಕ್ಕೂ ಮೂರು ಆನೆಗಳು ರಾಗಿಗೆ ಇಳಿಯುವುದಕ್ಕೂ ಸರಿಹೋಯಿತು. ಹೆಂಗಸರು ಉಳಿದರು, ರಾಗಿ ಅರ್ಧ ಉಳಿಯಿತು. ಆನೆಗಳು ಕಾಡಿಗೆ ಮರಳಿದ ಮೇಲೆ ಮುತ್ತರಾಯಪ್ಪ ಬಂಡೆಯ ಕೆಳಗೆ ಕೂತು ಗಳಗಳನೆ ಅತ್ತು ಎಲ್ಲವನ್ನೂ ಒಪ್ಪಿಕೊಂಡ.

ಸಂಜೆ ಊಟಕ್ಕೆ ಕೂತವನು ಚಟ ತಡೆಯದೆ ಫೋನು ತೆರೆದ. ಊರೆಲ್ಲರ ಫೋನಿಗೆ ಹೋಗಿದ್ದ ಬೆಳಗಿನ ಫೋಟೊ ಚಾನೆಲ್ಲಿಗೂ ತಲುಪಿತ್ತು. ಅವನದೇ ಮುಖ, ಸುತ್ತ ಕೆಂಪು ವೃತ್ತ! "ಆನೆ ಅನ್ನೋದೇ ಬುರುಡೆ! ಇಗೋ ಸಾಕ್ಷಿ! ಈತ ಸರ್ಕಾರದ ಬಾಡಿಗೆ ನಟ!"

"ಬಾಡಿಗೆ ನಟನಾ? ಸುಳ್ಳ! ಅದು ನಾನು ಕಣ್ಲಾ, ಮುತ್ತರಾಯಪ್ಪ!" ಎಂದು ಫೋನಿಗೇ ಅಬ್ಬರಿಸಿದ.

ನರಸಮ್ಮ ತಣ್ಣಗೆ ಕೇಳಿದಳು. "ಮೇಜು ಗುದ್ದಿದ್ನಾ?"

"ಗುದ್ದಿದ."

"ಹಂಗಾದ್ರೆ ನಿಜಾನೇ ಇರ್ಬೇಕು" ಎಂದು ಮುದ್ದೆಯ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. "ಇದು ನನ್ ಗಂಡಂದು. ನಟ್ರು ಎದ್ದು ಆಚೆ ನಡೀರಿ."