ಆರು ಸಿಲಿಂಡರಿನ ಹಿರಿಮಗ

ಬರೆಯೋಣವೆಂದು ಕೂತು ಒಂದು ಸಾಲು ಮುಗಿದಿಲ್ಲ, "ಲೇ, ಹದಿನಾಲ್ಕರ ಸ್ಪ್ಯಾನರ್ ಎಲ್ಲೇ?" ಎಂದು ಮತ್ತೆ ನಮ್ಮ ಯಜಮಾನರ ಕೂಗಾಯಿತು. ಸೌಟು ಎಲ್ಲಿ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಎದ್ದು ಹುಡುಕಿದರೆ ಸ್ಪ್ಯಾನರ್ ಸೌಟಿನ ಮೊಳೆಗೇ ನೇತಾಡುತ್ತಿತ್ತು. ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಶಿರಾ ಗೇಟಿನ ಹತ್ತಿರ ನಮ್ಮ ಮನೆ. ಮುಂದೆ ಮಾವನವರ ಕಾಲದ ವಿಲಾಯತಿ ಪಿಕಪ್ ಗಾಡಿ. ಗುಬ್ಬಿಯಿಂದ ತೆಂಗಿನಕಾಯಿ ತರುವುದು ಅದರ ಕೆಲಸ. ಇಂಜಿನ್ನಿನಲ್ಲಿ ಆರು ಸಿಲಿಂಡರ್ ಸಾಲಾಗಿ ನಿಂತಿದ್ದವು. ಐದು ದುಡಿಯುತ್ತಿದ್ದವು, ಒಂದು ಸುಮ್ಮನೆ ಜೊತೆಗೆ ಬರುತ್ತಿತ್ತು. ಅದಕ್ಕೇ ಗಾಡಿ ಗಡಗಡ ನಡುಗುತ್ತಿತ್ತು. ನಮ್ಮ ಮಗು ಹಗಲು ನಿದ್ದೆ ಮಾಡುತ್ತಿದ್ದುದೂ ಅದರಲ್ಲೇ. ಒಮ್ಮೆ ಕುಣಿಗಲ್ಲಿನ ತವರಿಗೆ ಹೋದಾಗ ಅತ್ತಿಗೆ, "ಏನೇ, ಗಾಡಿಗೆ ಚಳಿಜ್ವರನಾ?" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದಳು.

ತಂಗಿಯ ಮದುವೆ ಗೊತ್ತಾದಾಗ ಅಮ್ಮನಿಗೆ ಕಾಗದ ಬರೆದೆ: "ಇಂಜಿನ್ ಹೊಸದರ ಹಾಗೆ ಮಾಡಿಸ್ತಿದ್ದೀವಿ. ಬಾನೆಟ್ ಮೇಲೆ ಪಾಯಸದ ಲೋಟ ಇಟ್ಟರೂ ಒಂದು ಹನಿ ತುಳುಕಲ್ಲ. ಅತ್ತಿಗೆಗೂ ಓದಿ ಹೇಳು." ಇನ್ನು ಮಾತು ಉಳಿಸಿಕೊಳ್ಳಲೇಬೇಕಿತ್ತು.

ತೊಟ್ಟಿಲಲ್ಲಿ ಯಾರು?

ಇಂಜಿನ್ ಎತ್ತಲು ಗಟ್ಟಿ ತೊಲೆ ಬೇಕಿತ್ತು. ಇಡೀ ಮನೆಯಲ್ಲಿ ಅಂಥ ತೊಲೆ ಒಂದೇ, ಪಡಸಾಲೆಯಲ್ಲಿ ಮಗುವಿನ ತೊಟ್ಟಿಲು ಕಟ್ಟಿದ್ದು. ಒಂದು ಬೆಳಿಗ್ಗೆ ನಾನು ನೀರು ತರುವಷ್ಟರಲ್ಲಿ ತೊಟ್ಟಿಲು ಮೂಲೆ ಸೇರಿತ್ತು, ಗಾಡಿಯ ಮೂತಿ ಪಡಸಾಲೆಗೆ ನುಗ್ಗಿತ್ತು, ಸರಪಳಿಯಲ್ಲಿ ಇಂಜಿನ್ ತೂಗುತ್ತಿತ್ತು. ಧೂಳು ಕೂರಬಾರದೆಂದು ಅದಕ್ಕೆ ನನ್ನ ಹಳೇ ಸೀರೆ ಬೇರೆ ಸುತ್ತಿದ್ದರು, ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಮಗು ನೋಡಲು ಬಂದ ಪಕ್ಕದ ಮನೆಯಾಕೆ ತಬ್ಬಿಬ್ಬಾಗಿ, "ಇದ್ಯಾರವ್ವ?" ಎಂದರು.

"ನಮ್ಮ ಯಜಮಾನರ ಹಿರೀ ಮಗ ಕಣ್ರೀ. ಆರು ಹೊಟ್ಟೆ, ಯಾವಾಗ ನೋಡಿದರೂ ಒದ್ದೆ" ಎಂದೆ.

ತೂತಿನ ಲೋಟ

ಸಿಲಿಂಡರುಗಳನ್ನು ಕೊರೆಸಿ, ಅವುಗಳೊಳಗೆ ಆಡುವ ಲೋಟದಂಥ ದೊಡ್ಡ ಪಿಸ್ಟನ್ ತಂದರು. ಯಾವುದು ಯಾವ ಸಿಲಿಂಡರಿಗೆ ಎಂದು ಅಳೆದು, ಸೀಮೆಸುಣ್ಣದಲ್ಲಿ ನಂಬರ್ ಬರೆದು ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದರು. ತೊಳೆಯುವುದಕ್ಕೆ ನನ್ನ ರೇಷನ್ನಿನ ಸೀಮೆಎಣ್ಣೆಯೂ ಖಾಲಿ. ಸೌದೆ ಊದಿ ಊದಿ ನನ್ನ ಕಣ್ಣು ಕೆಂಪಗಾಗಿತ್ತು.

ಶುಕ್ರವಾರ ನೋಡಿದರೆ ಚಾಪೆಯ ಮೇಲೆ ಒಂದೂ ಇಲ್ಲ. ಅತ್ತೆ ಆರನ್ನೂ ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಅಡುಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದ್ದರು. ನಂಬರುಗಳೆಲ್ಲ ಬಚ್ಚಲಿಗೆ ಹೋಗಿದ್ದವು.

"ಅವ್ವಾ, ಒಂದನೇ ನಂಬರ್ ಯಾವ್ದವ್ವಾ?" ಎಂದು ಇವರು ಅಳುವ ಹಾಗಾದರು.

"ನಂಬರು ಗಿಂಬರು ನಂಗೊತ್ತಿಲ್ಲ ಕಣ್ಲಾ. ಆರಕ್ಕೆ ಆರೂ ಲೋಟದಲ್ಲಿ ಎರಡೂ ಪಕ್ಕ ತೂತು! ಅಂಗಡಿಯೋನು ಮೋಸ ಮಾಡವ್ನೆ. ಹೋಗಿ ವಾಪಸ್ ಕೊಟ್ಟು ಬಾ."

ಗುಬ್ಬಿಯಲ್ಲಿ ಡಂಗೂರ

ಮತ್ತೆ ಅಳೆದು, ಪೆಟ್ರೋಲ್ ಉಣಿಸುವ ದೊಡ್ಡ ಕಾರ್ಬುರೇಟರ್ ಕೂರಿಸಿ, ಎರಡು ತಿಂಗಳ ಮೇಲೆ ಇಂಜಿನ್ ಎದ್ದಿತು. ಎದ್ದಿದ್ದು ಯಾರಿಗೂ ಗೊತ್ತಾಗಲಿಲ್ಲ, ಅಷ್ಟು ನಿಶ್ಶಬ್ದ. ಇವರು ಹೆಮ್ಮೆಯಿಂದ ಗುಬ್ಬಿಗೆ ಹೋದರು, ಮಧ್ಯಾಹ್ನದವರೆಗೆ ಮಂಡಿಯ ಮುಂದೆ ಕಾದರು, ಖಾಲಿ ಗಾಡಿಯಲ್ಲಿ ಬಂದರು. "ನಿನ್ ಗಾಡಿ ಸದ್ದು ದೂರದಲ್ಲಿ ಕೇಳಿದ್ ಮೇಲೇ ನಾವ್ ಮೂಟೆ ಹೊಲಿಯೋದು. ಇವತ್ತು ಸದ್ದೇ ಇಲ್ವಲ್ಲಪ್ಪ!" ಎಂದರಂತೆ ಮಂಡಿಯವರು.

ಮಾರನೇ ದಿನ ಊರ ಹೊರಗಿನಿಂದಲೇ ಖಾಲಿ ಡಬ್ಬ ಬಡಿಯುತ್ತಾ ಹೋದರು. ಡಂಗೂರವೆಂದು ಬೀದಿಯವರೆಲ್ಲ ಬಂದರು. ಮೂಟೆ ಮಾತ್ರ ಬರಲಿಲ್ಲ.

ಪಾಯಸದ ಲೋಟ

ಮದುವೆಯ ದಿನ ಕುಣಿಗಲ್ಲಿನ ಛತ್ರದ ಮುಂದೆ ಗಾಡಿ ಬೆಣ್ಣೆಯ ಹಾಗೆ ಬಂದು ನಿಂತಿತು. ಅತ್ತಿಗೆ ಕಾಗದ ಮರೆತಿರಲಿಲ್ಲ. ಇಂಜಿನ್ ಓಡುತ್ತಿದ್ದಾಗಲೇ ಬಾನೆಟ್ ಮೇಲೆ ಪಾಯಸದ ಲೋಟ ತಂದಿಟ್ಟಳು. ಒಂದು ಹನಿಯೂ ತುಳುಕಲಿಲ್ಲ. ಅವಳ ಮುಖ ನೋಡಿಯೇ ನನ್ನ ಹೊಟ್ಟೆ ತುಂಬಿತು.

ಅಷ್ಟರಲ್ಲಿ ಮಗು ಶುರು ಮಾಡಿತು. ಎರಡು ತಿಂಗಳಿಂದ ಅದು ಹಗಲು ಮಲಗುತ್ತಿರಲಿಲ್ಲ. ಹಲ್ಲು ಬರುತ್ತಿದೆ ಎಂದು ಅತ್ತೆ ಅಂದಿದ್ದರು. ಮುಹೂರ್ತದ ಹೊತ್ತಿಗೆ ಓಲಗವೇ ಕೇಳಿಸದ ಹಾಗೆ ಕಿರುಚಿತು. ಪುರೋಹಿತರು ಮಂತ್ರ ನಿಲ್ಲಿಸಿ ನನ್ನತ್ತ ನೋಡಿದರು.

ಇವರಿಗೆ ತಟ್ಟನೆ ಹೊಳೆಯಿತು. "ಹಲ್ಲಲ್ಲ ಕಣೇ! ಗಾಡಿ ನಡುಗ್ತಿದ್ರೆ ಮಲಗ್ತಿತ್ತು!" ಎಂದು ಮಗುವನ್ನೂ ನನ್ನನ್ನೂ ಗಾಡಿಯಲ್ಲಿ ಕೂರಿಸಿ ಇಂಜಿನ್ ಎಬ್ಬಿಸಿದರು. ಅದು ಅಲುಗಿದರೆ ತಾನೇ? ಒಂದು ಸಿಲಿಂಡರ್ ನಿಲ್ಲಲೆಂದು ಬಾನೆಟ್ ಎತ್ತಿ ಅದರ ಪ್ಲಗ್ಗಿನ ವೈರು ಕಿತ್ತರು. ಗಾಡಿ ಗಡಗಡ ನಡುಗಿತು. ಮಗು ಆಕಳಿಸಿ ಮಲಗಿತು. ಇಂಜಿನ್ ನಿಲ್ಲಿಸಿದರೆ ಎದ್ದಿತು. ಹಾಗಾಗಿ ತಾಳಿ ಕಟ್ಟುವಾಗಲೂ ನಮ್ಮ ಗಾಡಿ ಛತ್ರದ ಬಾಗಿಲಲ್ಲಿ ಚಳಿಜ್ವರ ಬಂದ ಹಾಗೆ ನಡುಗುತ್ತಲೇ ಇತ್ತು.

ವೈರು ಕಿತ್ತಿದ್ದು ನೋಡಿದ್ದ ಅತ್ತಿಗೆ ಅದೇ ಲೋಟ ತಂದು ಬಾನೆಟ್ ಮೇಲೆ ಇಟ್ಟಳು. ಪಾಯಸ ಕುಣಿದು ಕುಣಿದು ಅರ್ಧ ಚೆಲ್ಲಿತು. ಅವಳು ನಗಲೂ ಇಲ್ಲ. ಮಗು ಏಳಬಾರದೆಂದು ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು:

"ಅಲ್ಲ ಕಣೇ, ಮೊದ್ಲೂ ಆರರಲ್ಲಿ ಒಂದು ಕೆಲ್ಸ ಮಾಡ್ತಿರ್ಲಿಲ್ಲ, ಈಗ್ಲೂ ಒಂದು ಮಾಡ್ತಿಲ್ಲ. ಎರಡು ತಿಂಗಳು ನಿನ್ ಯಜಮಾನ್ರು ಏನ್ ಮಾಡ್ತಿದ್ರು?"