ನನ್ನ ನಂಬರು, ಅವರ ಗುಟ್ಟು

ಪೀಣ್ಯದ ಕಾರ್ಖಾನೆಯಿಂದ ನಿವೃತ್ತನಾಗಿ ನಾಗಸಂದ್ರದಲ್ಲಿ ಮನೆ ಮಾಡಿದ ಮೇಲೆ ನಗುವುದಕ್ಕೆಂದು ನಾನು ಹೊರಗೆ ಹೋಗಿದ್ದೇ ಇಲ್ಲ. ಪಕ್ಕದ ಮನೆಯ ಯಜಮಾನರೇ ಸಾಕು. ಇದು ಹಳ್ಳಿಯಾಗಿದ್ದಾಗಿನಿಂದ ಇಲ್ಲಿರುವವರು, ಈಗ ಬಾಡಿಗೆ ಮನೆಗಳ ಒಡೆಯರು. ಅವರಿಗೆ ಒಬ್ಬಳೇ ಮಗಳು. ಗುಣವೂ ಒಂದೇ, ಅನುಮಾನ.

ಬೇಳೆಗೊಂದು ನಂಬರು

ಮೆಟ್ರೋ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಹುಡುಗಿ ಯಜಮಾನರ ಮೊಬೈಲ್ ನಂಬರ್ ಕೇಳಿದಳು.

“ಬೇಳೆ ಬೇಯ್ತೋ ಇಲ್ವೋ ಅಂತ ಫೋನ್ ಮಾಡಿ ಇಚಾರಿಸ್ತೀಯೇನವ್ವ?”

ಆಕೆ ಬಿಡಲಿಲ್ಲ. ಇವರು ಪಕ್ಕದಲ್ಲಿದ್ದ ನನ್ನ ನಂಬರು ಹೇಳಿಬಿಟ್ಟರು. ಅಂದಿನಿಂದ ಅವರ ಬಿಲ್ಲಿನ ಮೆಸೇಜೆಲ್ಲ ನನಗೇ. ಬಿಲ್ಲು ದಪ್ಪಗಿದ್ದ ದಿನ ಅವರ ಮನೆಗೆ ನೆಂಟರು ಬರುತ್ತಾರೆಂದು ನನ್ನ ಹೆಂಡತಿ ಬೀದಿಗೆಲ್ಲ ಸಾರುವಳು. ತಮ್ಮ ನಂಬರನ್ನೇ ಅಂಗಡಿಗೆ ಕೊಟ್ಟಿದ್ದರೆ ಗುಟ್ಟು ಅಲ್ಲೇ ಉಳಿಯುತ್ತಿತ್ತು.

ಕೇಳದೆ ಇಟ್ಟ ಆಣೆ

ಮಗಳಿಗೆ ಗಂಡು ಹುಡುಕಿ ಸೋತ ಯಜಮಾನರು ಕೊನೆಗೆ ವಧೂವರರ ವೆಬ್‌ಸೈಟಿಗೆ ಒಪ್ಪಿದರು. ಅದರ ಪ್ರೈವಸಿ ಪಾಲಿಸಿ ಓದಿ ಹೇಳಿ ಎಂದು ನನ್ನನ್ನು ಸೈಬರ್ ಸೆಂಟರಿನಲ್ಲಿ ಕೂರಿಸಿದರು. ಅದೋ, ಮುಗಿಯುವುದೇ ಇಲ್ಲ. ‘ನಿಮ್ಮ ಮಾಹಿತಿಯನ್ನು ಮಾರುವುದಿಲ್ಲ’ ಎಂಬಲ್ಲಿ ತಡೆದರು.

“ಮಾರ್ತೀಯಾ ಅಂತ ನಾವು ಕೇಳಿದ್ವಾ ಸಾರ್? ನಮ್ಮ ಬಾಡಿಗೆಯೋನೊಬ್ಬ ಇಂಗೇ, ಕೇಳ್ದೆ ಇದ್ರೂ ‘ನಾನು ಕುಡಿಯಲ್ಲ’ ಅಂದಿದ್ದ.”

ಕೊನೆಗೆ ಫಾರಂ ತುಂಬುವಾಗ, ಅಷ್ಟುದ್ದ ಓದಿ ಹೇಳಿದ ನನ್ನನ್ನೂ ಹೊರಗೆ ಕಳಿಸಿದರು.

ಫೋನಿನ ಸಂಬಂಧ

ಒಂದು ದಿನ ಯಾರೋ ಫೋನ್ ಮಾಡಿ, ಮನೆ ಸ್ವಂತದ್ದಾ, ಮಗಳಿಗೆ ಎಲ್ಲಿ ಕೆಲಸ ಎಂದರು. ನನಗೆ ಮಗಳೇ ಇಲ್ಲ. ಸಾಲ ಕೊಡುವವರ ಹೊಸ ವರಸೆ ಇದು ಎಂದುಕೊಂಡೆ.

“ನೀವ್ಯಾರು?”

“ಮೊದಲು ನೀವು ಹೇಳಿ ಸಾರ್.”

“ಫೋನ್ ಮಾಡಿದವರು ನೀವು.”

“ನಂಬರ್ ಹಾಕಿದವರು ನೀವು.”

ಇಬ್ಬರೂ ಹೆಸರು ಬಿಟ್ಟುಕೊಡದೆ ಫೋನ್ ಇಟ್ಟೆವು. ಸಂಜೆ ಇದನ್ನು ಹೇಳಿ ನಕ್ಕರೆ ಯಜಮಾನರ ಮುಖ ಬಿಳಿಚಿಕೊಂಡಿತು. ವೆಬ್‌ಸೈಟಿಗೂ ನನ್ನ ನಂಬರೇ ಹೋಗಿತ್ತು.

“ಇಷ್ಟು ದಿನಕ್ಕೆ ಬಂದಿದ್ದು ಇದೊಂದೇ ಸಂಬಂಧ ಸಾರ್. ಓಯ್ತಲ್ಲ.”

ಅವರ ಮನೆಯಾಕೆ ಕಣ್ಣೊರೆಸಿಕೊಂಡರು. ನಾನೇ ಆ ನಂಬರಿಗೆ ಫೋನ್ ಮಾಡಿ, ಬೇಡಿಕೊಂಡು, ವಿಳಾಸ ಕೊಟ್ಟೆ.

ಭಾನುವಾರ ಸಿಂಗಸಂದ್ರದಿಂದ ಗಂಡಿನ ಕಡೆಯವರು ಬಂದರು. ಗಂಡಿನ ತಂದೆ ಯಜಮಾನರ ಕೈ ಹಿಡಿದುಕೊಂಡರು.

“ಫೋನಲ್ಲಿ ಹೆಸರೂ ಬಿಟ್ಟುಕೊಡ್ಲಿಲ್ವಂತೆ. ಮನೆತನ ಅಂದ್ರೆ ಹೀಗಿರಬೇಕು.”

ಯಜಮಾನರು ನನ್ನನ್ನು ಮುಂದೆ ತಳ್ಳಿದರು. “ಮಾತಾಡಿದ್ದು ಇವರು. ಪಕ್ಕದ ಮನೆಯೋರು.”

ಗಂಡಿನ ತಂದೆ ನನ್ನನ್ನೇ ನೋಡಿ, ಹಿಂದೆ ನಿಂತಿದ್ದ ಬೋಳುತಲೆಯವರೊಬ್ಬರನ್ನು ಮುಂದಕ್ಕೆ ಎಳೆದರು.

“ಫೋನ್ ಮಾಡಿದ್ದು ಇವರು. ನಮ್ಮ ಪಕ್ಕದ ಮನೆಯೋರು. ನಮ್ಮ ಫೋನಿಂದ ಮಾಡಿದ್ರೆ ನಂಬರ್ ಉಳ್ಕೊಳ್ಳಲ್ವಾ?”

ಯಜಮಾನರು ಅಡುಗೆಮನೆಯತ್ತ ತಿರುಗಿದರು. ಜಾತಕ ನೋಡುವುದೇನೂ ಬೇಡ, ಕೇಸರಿಬಾತ್ ತನ್ನಿ ಎಂದರು.